ಮರಳು ಗುರ್ರ್ ಅಂದಾಗ ಎಲ್ರೂ ಚಿಕ್ಕಪ್ಪನ್ನೇ ನೋಡಿದ್ರು

ಒಮಾನಿನ ಮರಳುಗಾಡಲ್ಲಿ ನಮ್ಮ ಚಿಕ್ಕಪ್ಪನ ಮಾನ ಹೋದ ಕಥೆ ಈಗ ತೀರ್ಥಹಳ್ಳಿಯಿಂದ ಹೊಸನಗರದವರೆಗೆ ನೆಂಟರ ಮನೇಲೆಲ್ಲ ಓಡಾಡ್ತಿದೆ, ಒಬ್ಬೊಬ್ರು ಒಂದೊಂದು ಮಸಾಲೆ ಸೇರಿಸಿ ಹೇಳ್ತಿದಾರೆ, ಮೊನ್ನೆ ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯವರು ಅದನ್ನ ನಂಗೇ ಹೇಳಿದ್ರು, ಅದರಲ್ಲಿ ಹೆದರಿ ಓಡಿಹೋದ ಒಂಟೆ ಬೇರೆ ಇತ್ತು. ಒಂಟೆ ಇರಲೇ ಇಲ್ಲ ಮಾರಾಯ್ರೆ. ಹಾಗಾಗಿ ಏನಾಯ್ತು, ಅದಕ್ಕಿಂತ ಮುಖ್ಯವಾಗಿ ಯಾಕಾಯ್ತು ಅಂತ ಸರಿಯಾಗಿ ಬರೆದುಬಿಡ್ತೀನಿ, ಯಾಕಂದ್ರೆ ಅದರ ಹಿಂದಿರೋ ವಿಜ್ಞಾನ ಕಥೆಗಿಂತ ಮಜಾ ಇದೆ, ಚಿಕ್ಕಪ್ಪನ ಮೇಲಿರೋ ಅಪವಾದನೂ ಅದರಿಂದಾನೇ ತೊಳೆದುಹೋಗ್ಬೇಕು.

ಅಕ್ಕ-ಭಾವ ಇರೋದು ಮಸ್ಕತ್ತಲ್ಲಿ. ಡಿಸೆಂಬರ್ ರಜೆಗೆ ಚಿಕ್ಕಪ್ಪ ಚಿಕ್ಕಮ್ಮನ್ನೂ ಕರ್ಕೊಂಡು ಹೋಗಿದ್ವಿ. ಚಿಕ್ಕಪ್ಪ ಅಂದ್ರೆ ಶಿವಮೊಗ್ಗದ ಅಡಿಕೆ ಮಂಡೀಲಿ ರೈಟರ್ ಆಗಿದ್ದು ರಿಟೈರ್ ಆದವರು, ಗಂಭೀರ ಮನುಷ್ಯ, ನಗೋದೂ ಲೆಕ್ಕ ಹಾಕಿ. ಭಾವ ನಮ್ಮನ್ನೆಲ್ಲ ಗಾಡೀಲಿ ತುಂಬ್ಕೊಂಡು ಶರ್ಕಿಯಾ ಮರಳುಗಾಡಿನ ಆಚೆ, ಸಮುದ್ರದ ಹತ್ರ ಇರೋ ಅಲ್ ಅಶ್ಖರಾ ಅನ್ನೋ ಊರಿನ ಕಡೆ ಕರ್ಕೊಂಡು ಹೋದ್ರು. ಅಲ್ಲಿಂದ ನಡಿಗೆ. ಚಿಕ್ಕಪ್ಪ ಅಭ್ಯಾಸಬಲಕ್ಕೆ ಪ್ಯಾಂಟಿನ ತುದೀನ ಸಾಕ್ಸ್ ಒಳಗೆ ತುರುಕಿ ಮೇಲೆ ಸುಣ್ಣ ಬಳಿದ ಹಾಗೆ ಪೌಡರ್ ಹಾಕ್ಕೊಂಡಿದ್ರು, ಇಂಬಳ, ಅಂದ್ರೆ ಜಿಗಣೆ, ಹತ್ತಬಾರ್ದು ಅಂತ! ಭಾವ ಎಷ್ಟೇ ಹೇಳಿದ್ರೂ ಕೇಳಲಿಲ್ಲ, "ಕಾಡು ಅಂದ್ಮೇಲೆ ಕಾಡು, ಮರಳಿಂದಾದ್ರೇನು" ಅಂದ್ರು.

ದಿಬ್ಬದ ಗಾಳಿ ಬೀಸೋ ಕಡೆಯಿಂದ ಹತ್ತಿದ್ವಿ, ಅದು ಇಳಿಜಾರು ಕಮ್ಮಿ, ಮರಳೂ ಗಟ್ಟಿ, ಕಾಲು ಅಷ್ಟಾಗಿ ಹೂತುಹೋಗಲ್ಲ. ತುದಿಗೆ ಹೋಗಿ ಆಚೆ ನೋಡಿದ್ರೆ ಕಡಿದು ಇಳಿಸಿದ ಹಾಗೆ ಇಳಿಜಾರು. ಮೊಣಕಾಲು ನೋವಿರೋರು ನಡ್ಕೊಂಡು ಇಳಿಯೋದು ಬೇಡ, ಕೂತು ಜಾರಿಬಿಡಿ ಅಂತ ಭಾವನೇ ಐಡಿಯಾ ಕೊಟ್ಟಿದ್ದು. ಚಿಕ್ಕಪ್ಪ ಕೂತ್ರು, ಎರಡೂ ಕೈ ಊರಿ ಮುಂದಕ್ಕೆ ತಳ್ಳಿದ್ರು, ಒಂದು ನಾಲ್ಕು ಮಾರು ಜಾರಿದ್ರೋ ಇಲ್ವೋ, ಕೆಳಗಿಂದ ಗುರ್ರ್ರ್ರ್ ಅಂತ ದಪ್ಪಗೆ, ಉದ್ದಕ್ಕೆ, ಯಾವ ಸಂಶಯಕ್ಕೂ ಜಾಗ ಇಲ್ಲದ ಹಾಗೆ ಒಂದು ಶಬ್ದ. ಅವರು ನಿಂತ್ರು. ಶಬ್ದ ಇನ್ನೂ ಸ್ವಲ್ಪ ಹೊತ್ತು ಮುಂದುವರಿದು ನಿಂತ್ತು. ಯಾರೂ ಮಾತಾಡಲಿಲ್ಲ. ಅಕ್ಕನ ಮಗ ಮುಖ ಆ ಕಡೆ ತಿರುಗಿಸಿದ. ಚಿಕ್ಕಮ್ಮ ಮಾತ್ರ ತಣ್ಣಗೆ, "ನಿನ್ನೆ ರಾತ್ರಿ ಆ ಕಡಲೆ ಚಟ್ನಿ ಅಷ್ಟೊಂದು ತಿನ್ಬೇಡಿ ಅಂದಿದ್ದೆ" ಅಂದ್ರು. ಕಡಲೆ ಚಟ್ನಿ ಅಂದ್ರೆ ಹಮ್ಮಸ್.

"ನಾನಲ್ಲ ಕಣ್ರೋ" ಅಂತ ಚಿಕ್ಕಪ್ಪ. ಯಾರು ನಂಬ್ತಾರೆ.

ಆಮೇಲೆ ಹುಡುಗ ಜಾರಿದ, ಅವನ ಕೆಳಗೂ ಬಂತು, ಸ್ವಲ್ಪ ಸಣ್ಣಗೆ. ಅಕ್ಕ ಜಾರಿದ್ಲು, ಬಂತು. ಕೊನೆಗೆ ಎಲ್ರೂ ಸಾಲಾಗಿ ಕೂತು ಒಟ್ಟಿಗೆ ಜಾರಿದಾಗ ಮಾತ್ರ ನಿಜವಾಗ್ಲೂ ಭಯ ಆಯ್ತು, ಇಡೀ ದಿಬ್ಬ ಗುಂಯ್ಗುಟ್ಟೋಕೆ ಶುರು, ಯಾವುದೋ ಹಳೇ ಪ್ರೊಪೆಲ್ಲರ್ ವಿಮಾನ ತಲೆ ಮೇಲೆ ಬಂದಂಗೆ, ಮರಳಿಗೆ ಊರಿದ ಅಂಗೈ ಕಚಗುಳಿ ಇಟ್ಟ ಹಾಗೆ ನಡುಗ್ತಿತ್ತು, ಮುಂಗೈವರೆಗೂ ಜುಂ ಅಂತ ಏರ್ತಿತ್ತು. ಕೂತಲ್ಲೂ ಅದೇ ಕಥೆ, ಅದನ್ನ ಜಾಸ್ತಿ ವಿವರಿಸಲ್ಲ.

ಸರಿ, ಈಗ ವಿಷಯಕ್ಕೆ ಬರೋಣ. ಕೆಲವು ಮರಳಿನ ದಿಬ್ಬಗಳು ಶಬ್ದ ಮಾಡ್ತವೆ. ಎಲ್ಲ ದಿಬ್ಬಗಳೂ ಅಲ್ಲ, ಪ್ರಪಂಚದಲ್ಲಿ ಇಂಥ ಜಾಗ ಅಂತ ಗುರುತಾಗಿರೋದು ಒಂದು ಮೂವತ್ತು ನಲವತ್ತು ಇರಬಹುದು, ಅಷ್ಟೇ. ಮೊರಾಕ್ಕೋದಲ್ಲಿ, ಒಮಾನಲ್ಲಿ, ಚಿಲಿಯಲ್ಲಿ, ಚೀನಾದ ಡುನ್‌ಹುವಾಂಗ್ ಹತ್ರ, ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ನೆವಾಡಾದಲ್ಲಿ ಇವೆ. ಜೋರಾದಾಗ 100 ಡೆಸಿಬೆಲ್ ದಾಟುತ್ತೆ, ಅಂದ್ರೆ ಪಕ್ಕದಲ್ಲಿರೋರ ಹತ್ರ ಕೂಗಿ ಮಾತಾಡ್ಬೇಕು, ಕಿಲೋಮೀಟರುಗಟ್ಟಲೆ ದೂರಕ್ಕೂ ಕೇಳುತ್ತೆ.

ಇದನ್ನ ಕೇಳಿ ಹೆದರಿದವರ ಪಟ್ಟಿ ದೊಡ್ಡದು, ಚಿಕ್ಕಪ್ಪನಿಗೆ ಆ ಪಟ್ಟಿ ಹೇಳಿದ್ಮೇಲೆನೇ ಸ್ವಲ್ಪ ಸಮಾಧಾನ ಆಗಿದ್ದು. 13ನೇ ಶತಮಾನದಲ್ಲಿ ಮಾರ್ಕೋ ಪೋಲೋ ಮಧ್ಯ ಏಷ್ಯಾದ ಮರಳುಗಾಡು ದಾಟಿದವನು ಅಲ್ಲಿ ಪ್ರೇತಗಳು ಪ್ರಯಾಣಿಕರನ್ನ ಹೆಸರಿಡಿದು ಕರೀತಾವೆ, ಡೋಲು ವಾದ್ಯ ಎಲ್ಲ ಕೇಳುತ್ತೆ ಅಂತ ಹೇಳಿದ. ನಮ್ಮ ಮೊಘಲರ ಬಾಬರ್ ಕೂಡ ಕಾಬೂಲಿನ ಹತ್ರದ ಒಂದು ಮರಳಿನ ಗುಡ್ಡದ ಬಗ್ಗೆ, ಬೇಸಿಗೇಲಿ ಅಲ್ಲಿಂದ ನಗಾರಿ ಸದ್ದು ಬರುತ್ತಂತೆ ಅಂತ ತನ್ನ ನೆನಪುಗಳಲ್ಲಿ ಬರೆದಿಟ್ಟಿದಾನೆ (ಬೇಸಿಗೇಲಿ ಅನ್ನೋದನ್ನ ನೆನಪಿಟ್ಕೊಳ್ಳಿ, ಅದಕ್ಕೆ ಕಾರಣ ಇದೆ). ಸಿನಾಯ್ ಕಡೆಯ ಒಂದು ಗುಡ್ಡದ ಒಳಗೆ ಹೂತುಹೋದ ಮಠದ ಗಂಟೆ ಹೊಡೀತಿದೆ ಅಂತ ಅಲ್ಲಿನವರ ನಂಬಿಕೆ, ಡುನ್‌ಹುವಾಂಗಲ್ಲಿ ಮರಳಿನಡಿ ಸತ್ತ ಸೈನ್ಯದ ರಣವಾದ್ಯ. 1835ರಲ್ಲಿ ಡಾರ್ವಿನ್ ಚಿಲಿಗೆ ಹೋದಾಗ ಅಲ್ಲಿನ ಜನ ಅವನಿಗೂ ಇಂಥದ್ದೇ ಕೂಗೋ ಗುಡ್ಡದ ಸುದ್ದಿ ಹೇಳಿದ್ರು. ಆಮೇಲೆ ರಾಲ್ಫ್ ಬ್ಯಾಗ್ನೋಲ್ಡ್ ಅನ್ನೋ ಬ್ರಿಟಿಷ್ ಸೈನ್ಯದ ಎಂಜಿನಿಯರ್, ಈ ಮನುಷ್ಯ ಫೋರ್ಡ್ ಕಾರಲ್ಲಿ ಲಿಬಿಯಾ-ಈಜಿಪ್ಟ್ ಮರಳುಗಾಡೆಲ್ಲ ಸುತ್ತಿ, ವಾಪಸ್ ಬಂದು ಗಾಳಿ ಸುರಂಗ ಕಟ್ಕೊಂಡು ಮರಳು ಹೇಗೆ ಹಾರುತ್ತೆ ಅಂತ ಅಳೆದು, 1941ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ, ಇವತ್ತಿಗೂ ಮರಳಿನ ಭೌತಶಾಸ್ತ್ರ ಅಂದ್ರೆ ಅಲ್ಲಿಂದಾನೇ ಶುರು. ಜನವಸತಿಯಿಂದ ನೂರಾರು ಮೈಲಿ ದೂರದಲ್ಲಿ, ರಾತ್ರಿ ನಿಶ್ಶಬ್ದದಲ್ಲಿ ಮರಳು ಗುಡುಗೋದನ್ನ ಅವನೂ ಕೇಳಿದಾನೆ, ಜೊತೆಗಿದ್ದವನ ಹತ್ರ ಕಿರುಚಿ ಮಾತಾಡ್ಬೇಕಾಯ್ತಂತೆ.

ಇವರ್ಯಾರೂ ಇದನ್ನ ಹೊಟ್ಟೆ ಗ್ಯಾಸಿಗೆ ಹೋಲಿಸಿಲ್ಲ ನೋಡಿ. ಅದಕ್ಕೆ ನಮ್ಮ ಮನೆಯವರೇ ಬೇಕಾಯ್ತು.

ಊರಿಗೆ ಬಂದು ಹೇಳಿದಾಗ ಎಲ್ರೂ ಮೊದಲು ಹೇಳೋದು ಎರಡೇ. ಒಂದು, ಗಾಳಿ ಶಬ್ದ ಇರಬೇಕು. ಇನ್ನೊಂದು, ಒಳಗೆ ಪೊಳ್ಳು ಇರಬೇಕು. ಎರಡೂ ಅಲ್ಲ. ಗಾಳಿ ಇಲ್ಲದಾಗ ನೀವೇ ಕೂತು ಜಾರಿದ್ರೂ ಶಬ್ದ ಬರುತ್ತೆ. ಗಾಳಿ ಮಾಡೋದು ತುದೀಲಿ ಮರಳು ತಂದು ಪೇರಿಸೋದನ್ನ ಮಾತ್ರ, ಪೇರಿಸಿದ್ದು ತನ್ನ ಭಾರಕ್ಕೆ ಕುಸಿದಾಗ ಯಾರೂ ಇಲ್ಲದಿದ್ರೂ ದಿಬ್ಬ ತಾನೇ ಕೂಗುತ್ತೆ. ಒಳಗೆ ಪೊಳ್ಳಂತೂ ಇಲ್ಲವೇ ಇಲ್ಲ. ಶಬ್ದ ಬರೋದು ಜಾರ್ತಿರೋ ಮೇಲಿನ ಪದರದಿಂದ, ಕಾಳಿನ ಮೇಲೆ ಕಾಳು ಹೊರಳೋದ್ರಿಂದ.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಒಣಗಿಸಿದ ಕಾಳುಮೆಣಸು ಸಾಕು. ಅಂಗಳದಲ್ಲಿ ಮೆಣಸನ್ನ ಒಂದೇ ಕಡೆ ಸುರೀತಾ ಹೋಗಿ. ರಾಶಿ ಏರುತ್ತೆ, ಪಕ್ಕದ ಇಳಿಜಾರು ಕಡಿದಾಗ್ತಾ ಹೋಗುತ್ತೆ, ಒಂದು ಹಂತ ಆದ್ಮೇಲೆ ಎಷ್ಟು ಸುರಿದ್ರೂ ಇನ್ನು ಕಡಿದಾಗಲ್ಲ, ಮೇಲಿಂದ ಒಂದು ಪದರ ಜರ್ ಅಂತ ಜಾರಿ ಕೆಳಗೆ ಬರುತ್ತೆ. ಒಣ ಮರಳಿಗೆ ಆ ಮಿತಿ ಸುಮಾರು 33-34 ಡಿಗ್ರಿ. ದಿಬ್ಬದ ಗಾಳಿ ಮರೆಯ ಕಡೆ ಯಾವಾಗ್ಲೂ ಆ ಮಿತಿಯ ಅಂಚಲ್ಲೇ ನಿಂತಿರುತ್ತೆ, ಸ್ವಲ್ಪ ತಳ್ಳಿದ್ರೆ ಸಾಕು, ನಮ್ಮ ಚಿಕ್ಕಪ್ಪನಂಥ ಮೈಕಟ್ಟಿನವರು ಕೂತ್ರೆ ಕೇಳೋದೇ ಬೇಡ, ಕೆಲವೇ ಸೆಂಟಿಮೀಟರ್ ದಪ್ಪದ ಒಂದು ಹಾಸು ಇಡಿಯಾಗಿ ಜಾರೋಕೆ ಶುರುವಾಗುತ್ತೆ.

ಈಗ ಆ ಜಾರೋ ಹಾಸಿನೊಳಗೆ ಹೋಗಿ ನೋಡಿ. ತಟ್ಟೆ ಮೇಲೆ ಒತ್ತೊತ್ತಾಗಿ ಒಂದು ಪದರ ಮೆಣಸು ಹರಡಿ, ಅದರ ಮೇಲೆ ಇನ್ನೊಂದು ಪದರ ಇಟ್ಟು, ಮೇಲಿನದನ್ನ ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ತಳ್ಳಿ. ಮೇಲಿನ ಪ್ರತಿ ಕಾಳೂ ಕೆಳಗಿನ ಕಾಳಿನ ಬೆನ್ನು ಹತ್ತುತ್ತೆ, ದಾಟಿ ಮುಂದಿನ ಸಂದಿಗೆ ಬೀಳುತ್ತೆ, ಮತ್ತೆ ಹತ್ತುತ್ತೆ, ಮತ್ತೆ ಬೀಳುತ್ತೆ. ನಿಮ್ಮ ಅಂಗೈಗೆ ಆ ಟಕಟಕ ಗೊತ್ತಾಗುತ್ತೆ. ಮರಳಲ್ಲೂ ಇದೇ ನಡೆಯೋದು, ಒಂದು ಸೆಕೆಂಡಿಗೆ ಎಷ್ಟು ಸಲ ಹತ್ತಿ ಬೀಳುತ್ತೆ ಅನ್ನೋದೇ ಶಬ್ದದ ಶ್ರುತಿ. ಎಲ್ಲ ಕಾಳುಗಳೂ ಒಟ್ಟಿಗೆ ಹತ್ತಿ ಒಟ್ಟಿಗೆ ಬಿದ್ರೆ ಇಡೀ ಹಾಸಿನ ಮೇಲ್ಮೈ ಸ್ವಲ್ಪವೇ ಸ್ವಲ್ಪ ಮೇಲೆ ಕೆಳಗೆ ಆಡುತ್ತೆ, ಮೇಲಿರೋ ಗಾಳೀನ ತಳ್ಳಿ ಎಳೀತಾ ಇರುತ್ತೆ, ಸ್ಪೀಕರ್ ಒಳಗಿನ ಕಾಗದ ಮಾಡೋದೂ ಅದೇ ಕೆಲಸ. ಒಂದು ಕಾಳು ಬಿದ್ರೆ ಯಾರಿಗೂ ಕೇಳಲ್ಲ, ಕೋಟಿಗಟ್ಟಲೆ ಕಾಳು ಒಂದೇ ತಾಳದಲ್ಲಿ ಬಿದ್ರೆ ಗುಡುಗು.

ಎಷ್ಟು ಸಲ ಅನ್ನೋದು ಕಾಳಿನ ಗಾತ್ರದ ಮೇಲೆ ನಿಂತಿದೆ. ಸಣ್ಣ ಕಾಳಾದ್ರೆ ಬೀಳೋ ಸಂದಿನೂ ಸಣ್ಣದು, ಬೇಗ ಬಿದ್ದು ಬೇಗ ಏಳುತ್ತೆ, ಶ್ರುತಿ ಮೇಲೆ ಹೋಗುತ್ತೆ. ದೊಡ್ಡದಾದ್ರೆ ನಿಧಾನ, ಶ್ರುತಿ ತಗ್ಗು. ಮೊಬೈಲ್ ಕ್ಯಾಲ್ಕುಲೇಟರ್ ತಗೊಳ್ಳಿ: ಗುರುತ್ವದ 9.8ನ್ನ ಕಾಳಿನ ಅಗಲದಿಂದ, ಮೀಟರ್ ಲೆಕ್ಕದಲ್ಲಿ, ಭಾಗಿಸಿ, ವರ್ಗಮೂಲ ತೆಗೀರಿ, ಬಂದಿದ್ದನ್ನ 0.4ರಿಂದ ಗುಣಿಸಿ. 0.2 ಮಿಲಿಮೀಟರ್ ಕಾಳು ಅಂದ್ರೆ 0.0002 ಮೀಟರ್, ಭಾಗಿಸಿದ್ರೆ 49,000, ವರ್ಗಮೂಲ ಸುಮಾರು 221, 0.4ರಿಂದ ಗುಣಿಸಿದ್ರೆ 88. ಸೆಕೆಂಡಿಗೆ 88 ಸಲ, 88 ಹರ್ಟ್ಜ್. ಅದು ಎಂಥ ಶಬ್ದ ಅಂತ ಬೇಕಾದ್ರೆ ನಿಮ್ಮೂರಿನ ಟಿಸಿ, ಅಂದ್ರೆ ಕರೆಂಟಿನ ಟ್ರಾನ್ಸ್‌ಫಾರ್ಮರ್ ಹತ್ರ ಹೋಗಿ ನಿಂತ್ಕೊಳ್ಳಿ, ಕರೆಂಟ್ ಇದ್ದಾಗ, ಅದು ಗುಂಯ್ ಅನ್ನೋದು 100 ಹರ್ಟ್ಜಲ್ಲಿ, ಅದಕ್ಕಿಂತ ಸ್ವಲ್ಪ ದಪ್ಪ. ಕೂಗೋ ದಿಬ್ಬಗಳಲ್ಲಿ ಅಳೆದಿರೋ ಶ್ರುತಿಗಳಲ್ಲಿ ಹೆಚ್ಚಿನವೂ 70ರಿಂದ 110 ಹರ್ಟ್ಜ್ ಒಳಗೇ ಇವೆ, ಅಂದ್ರೆ ಈ ಮೋಟು ಲೆಕ್ಕ ಚೆನ್ನಾಗೇ ಕೂರುತ್ತೆ. ಇದೇ ಲೆಕ್ಕವನ್ನ 5 ಮಿಲಿಮೀಟರ್ ಮೆಣಸಿಗೆ ಹಾಕಿದ್ರೆ 18ರ ಹತ್ರ ಬರುತ್ತೆ, ಮನುಷ್ಯರ ಕಿವಿಗೆ 20ರ ಕೆಳಗೆ ಕೇಳೋದೇ ಇಲ್ಲ, ಹಾಗಾಗಿ ನಿಮ್ಮ ಮೆಣಸಿನ ರಾಶಿ ಅಕಸ್ಮಾತ್ ಹಾಡಿದ್ರೂ ನಿಮಗೆ ಗೊತ್ತಾಗಲ್ಲ, ಆನೆಗೆ ಗೊತ್ತಾಗಬಹುದು.

ಇಲ್ಲೊಂದು ಗಂಟಿದೆ. ಕಾಳುಗಳು ಒಟ್ಟಿಗೆ ಯಾಕೆ ಬೀಳ್ತವೆ? ಅವಕ್ಕೆ ತಾಳ ಹಾಕೋರು ಯಾರು? ಇದರ ಬಗ್ಗೆ ವಿಜ್ಞಾನಿಗಳಲ್ಲಿ ದೊಡ್ಡ ಜಗಳನೇ ನಡೆದಿದೆ, ನಮ್ಮ ಕಡೆ ಬೇಲಿ ವ್ಯಾಜ್ಯದ ಥರ ವರ್ಷಗಟ್ಟಲೆ. ಫ್ರಾನ್ಸಿನ ಬ್ರೂನೋ ಆಂಡ್ರಿಯೊಟ್ಟಿ 2004ರಲ್ಲಿ ಹೇಳಿದ್ದು, ಕಾಳುಗಳು ಒಂದಕ್ಕೊಂದು ಬಡಿದಾಗ ಕೆಳಗಿನ ಅಲುಗಾಡದ ಮರಳಲ್ಲಿ ಅಲೆ ಏಳುತ್ತೆ, ಆ ಅಲೆ ವಾಪಸ್ ಕಾಳುಗಳನ್ನೇ ತಟ್ಟಿ ಅವನ್ನ ಒಂದೇ ತಾಳಕ್ಕೆ ತರುತ್ತೆ ಅಂತ. ಅಂದ್ರೆ ತಾವೇ ಹಾಕಿದ ತಾಳಕ್ಕೆ ತಾವೇ ಸಿಕ್ಕಿಹಾಕ್ಕೊಳ್ಳೋದು. ಅತ್ತ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಮೆಲನಿ ಹಂಟ್, ನಟಾಲಿ ವ್ರೀಂಡ್ ಮತ್ತೆ ಅವರ ಜೊತೆಯವರು 2007ರಲ್ಲಿ ಬೇರೇನೇ ಹೇಳಿದ್ರು: ದಿಬ್ಬದ ಮೇಲೆ ಒಂದೆರಡು ಮೀಟರ್ ಒಣ ಸಡಿಲ ಪದರ, ಅದರ ಕೆಳಗೆ ಸ್ವಲ್ಪ ತೇವದ ಗಟ್ಟಿ ಪದರ, ಶಬ್ದ ಈ ಎರಡರ ನಡುವೆ ಸಿಕ್ಕಿಹಾಕ್ಕೊಂಡು ಓಡಾಡುತ್ತೆ, ಯಾವ ಶ್ರುತಿ ಬೆಳೀಬೇಕು ಅಂತ ಆ ಒಣ ಪದರದ ದಪ್ಪ ತೀರ್ಮಾನ ಮಾಡುತ್ತೆ, ಕಾಳಿನ ಗಾತ್ರ ಅಲ್ಲ ಅಂತ. ಬೇಸಿಗೇಲಿ ಚೆನ್ನಾಗಿ ಕೂಗೋ ದಿಬ್ಬ ಮಳೆಗಾಲ ಆದ್ಮೇಲೆ ಸುಮ್ಮನಾಗೋದು ಯಾಕೆ ಅನ್ನೋದಕ್ಕೆ ಈ ವಾದದಲ್ಲಿ ಒಳ್ಳೆ ಉತ್ತರ ಇದೆ.

ನಂಗೆ ಯಾಕೋ ಹೆಚ್ಚು ಒಪ್ಪಿಗೆಯಾಗಿದ್ದು ಪ್ಯಾರಿಸ್ಸಿನ ಸ್ಟೆಫಾನ್ ಡುವಾಡಿ ಮತ್ತೆ ಅವರ ತಂಡದ ಕೆಲಸ. ಅವರು ಏನ್ ಮಾಡಿದ್ರು, ಕೂಗೋ ಮರಳನ್ನ ಲ್ಯಾಬಿಗೇ ಹೊತ್ಕೊಂಡು ಹೋಗಿ ಓರೆ ಹಲಗೆ ಮೇಲೆ ಜಾರಿಸಿದ್ರು. ದಿಬ್ಬ ಇಲ್ಲ, ತೇವದ ಪದರ ಇಲ್ಲ, ಆದ್ರೂ ಮರಳು ಕೂಗ್ತು! ಹಾಗಿದ್ಮೇಲೆ ಶಬ್ದಕ್ಕೆ ದಿಬ್ಬದ ಒಳರಚನೆ ಬೇಕೇ ಬೇಕು ಅನ್ನೋ ಹಾಗಿಲ್ಲ. 2012ರಲ್ಲಿ ಬಂದ ಅವರ ಅಧ್ಯಯನದಲ್ಲಿ ಎರಡು ಮರಳು ಹೋಲಿಸಿದ್ರು, ಒಂದು ಮೊರಾಕ್ಕೋದ ತರ್ಫಾಯಾ ಕಡೆಯದು, ಇನ್ನೊಂದು ಎಲ್ಲಿದು ಅಂತೀರಿ, ಒಮಾನಿನ ಇದೇ ಅಲ್ ಅಶ್ಖರಾದ್ದು. ನಾನು ಇದನ್ನ ಓದಿ ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ.

ಯಾಕಂದ್ರೆ ಕೇಸು ಬಗೆಹರಿಯೋದು ಅಲ್ಲೇ. ಮೊರಾಕ್ಕೋ ಮರಳಿನ ಕಾಳುಗಳು ಹೆಚ್ಚುಕಮ್ಮಿ ಒಂದೇ ಗಾತ್ರ, 0.15ರಿಂದ 0.17 ಮಿಲಿಮೀಟರ್ ಅಷ್ಟೇ. ಅದು ಹಾಡೋದು ಒಂದೇ ಶ್ರುತಿಯಲ್ಲಿ, 105 ಹರ್ಟ್ಜ್ ಆಸುಪಾಸು, ಶುದ್ಧವಾಗಿ, ಬೇಕಾದ್ರೆ ಕೂತು ರಾಗಾಲಾಪನೆ ಮಾಡಬಹುದು. ಒಮಾನಿನ ಮರಳಲ್ಲಿ ಕಾಳುಗಳು 0.15ರಿಂದ 0.31 ಮಿಲಿಮೀಟರ್‌ವರೆಗೆ ಎಲ್ಲ ಗಾತ್ರದವೂ ಸೇರ್ಕೊಂಡಿವೆ. ಹಾಗಾಗಿ ಅದು ಒಂದು ಶ್ರುತಿ ಹಿಡಿಯಲ್ಲ, 90ರಿಂದ 150 ಹರ್ಟ್ಜ್‌ವರೆಗೆ ಇರೋ ಬರೋ ಶ್ರುತಿಯೆಲ್ಲ ಒಟ್ಟಿಗೆ ಬಿಡುತ್ತೆ. ತಗ್ಗು ಶ್ರುತಿ, ಒಂದಕ್ಕೊಂದು ಹೊಂದದ ಕಂಪನ, ಕೂತಿರೋ ಮನುಷ್ಯನ ಕೆಳಗಿಂದ. ಮನುಷ್ಯರ ಕಿವಿ ಇದನ್ನ ಬೇರೆ ಏನಂತ ತಿಳ್ಕೊಳ್ಳಕ್ಕಾಗುತ್ತೆ ಹೇಳಿ? ಚಿಕ್ಕಪ್ಪ ಮೊರಾಕ್ಕೋದಲ್ಲಿ ಜಾರಿದ್ರೆ ತಂಬೂರಿ ಮೀಟಿದ ಹಾಗೆ ಕೇಳ್ತಿತ್ತು, ಚಿಕ್ಕಮ್ಮ ಕೈ ಮುಗೀತಿದ್ರು, ಒಮಾನಲ್ಲಿ ಜಾರಿದ್ದು ಅವರ ಗ್ರಹಚಾರ. ಆ ತಂಡ ಒಮಾನಿನ ಮರಳನ್ನ ಜರಡಿ ಹಿಡಿದು 0.2ರಿಂದ 0.25 ಮಿಲಿಮೀಟರಿನ ಕಾಳು ಮಾತ್ರ ಉಳಿಸ್ಕೊಂಡು ಮತ್ತೆ ಜಾರಿಸಿದಾಗ 90 ಹರ್ಟ್ಜಿನ ಒಂದೇ ಚೊಕ್ಕ ಶ್ರುತಿ ಬಂತು. ಜರಡಿ ಹಿಡಿದಿದ್ದಷ್ಟೇ, ಬೇರೇನೂ ಮಾಡಿಲ್ಲ.

ಇದನ್ನ ಹೇಳಿದಾಗ ಚಿಕ್ಕಪ್ಪ ಮಂಡಿ ಬುದ್ಧಿಯಲ್ಲಿ, "ಹಂಗಾದ್ರೆ ಮೊರಾಕ್ಕೋದಲ್ಲಿ ಗಾಳಿ ಗ್ರೇಡಿಂಗ್ ಮಾಡಿ ಕೊಡುತ್ತೆ ಅನ್ನು" ಅಂದ್ರು. ಸರಿಯಾಗೇ ಹೇಳಿದ್ರು. ಮರಳುಗಾಡಲ್ಲಿ ಗಾಳಿ ಮಾಡೋದೇ ಅದು. ಧೂಳಿನಷ್ಟು ಸಣ್ಣದನ್ನ ಎತ್ಕೊಂಡು ನೂರಾರು ಕಿಲೋಮೀಟರ್ ಆಚೆ ಹೋಗಿಬಿಡುತ್ತೆ, ದಪ್ಪ ಕಾಳನ್ನ ಎತ್ತಕ್ಕಾಗದೆ ಅಲ್ಲೇ ಬಿಡುತ್ತೆ, ನಡುವಿನ ಗಾತ್ರದ್ದು ನೆಲದ ಮೇಲೆ ಕುಪ್ಪಳಿಸ್ತಾ ಕುಪ್ಪಳಿಸ್ತಾ ಮುಂದೆ ಹೋಗಿ ದಿಬ್ಬ ಆಗುತ್ತೆ. ಈ ಕುಪ್ಪಳಿಸೋದನ್ನ ಅಳೆದು ತೂಗಿ ವಿವರಿಸಿದ್ದೂ ಬ್ಯಾಗ್ನೋಲ್ಡೇ. ಹೀಗೆ ಗಾಳಿಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದೂ ಹೊಡೆದೂ ಕಾಳಿನ ಮೂಲೆಯೆಲ್ಲ ಸವೆದು ದುಂಡಗಾಗ್ತವೆ. ದುಂಡು, ಒಂದೇ ಗಾತ್ರ, ಒಣ. ಇದರ ಜೊತೆ ಕೂಗೋ ಮರಳಿನ ಕಾಳಿನ ಮೇಲೆ ತೆಳ್ಳನೆ ಒಂದು ಸಿಲಿಕಾ ಲೇಪ ಇರುತ್ತೆ, ಅದೂ ಮುಖ್ಯ ಅಂತ ಕೆಲವು ಅಧ್ಯಯನಗಳು ಹೇಳ್ತಾವೆ.

ಈಗ ಊರಿನ ಪ್ರಶ್ನೆ. ನಮ್ಮನೆ ಕಟ್ಟೆ ಕೆಲಸಕ್ಕೆ ಬಂದ ಗಾರೆ ಮೇಸ್ತ್ರಿ ಇದನ್ನೆಲ್ಲ ಕೇಳಿ, "ಹಂಗಾದ್ರೆ ನಮ್ ತುಂಗಾ ಹೊಳೆ ಮರಳು ಯಾಕಣ್ಣ ಕೂಗಲ್ಲ, ಲಾರಿಯಿಂದ ಸುರಿದಾಗ ಎಷ್ಟು ಜಾರುತ್ತೆ" ಅಂದ. ಒಳ್ಳೆ ಪ್ರಶ್ನೆ. ಉತ್ತರ ಅವನ ಕೈಯಲ್ಲೇ ಇತ್ತು, ಅವನು ಮರಳು ಬಂದ ಕೂಡ್ಲೇ ಒಂದು ಹಿಡಿ ತಗೊಂಡು ಕಿವಿ ಹತ್ರ ತಂದು ಉಜ್ಜಿ ನೋಡ್ತಾನೆ, ಕರಕರ ಅನ್ನಬೇಕು, ಆಮೇಲೆ ಅಂಗೈ ನೋಡ್ತಾನೆ, ಮಣ್ಣು ಮೆತ್ತಿಕೊಂಡಿರಬಾರದು. ಕರಕರ ಅನ್ನೋದು ಅಂದ್ರೆ ಕಾಳಿಗೆ ಮೂಲೆಗಳಿವೆ ಅಂತ. ಹೊಳೆ ನೀರು ಗಾಳಿಯಷ್ಟು ನಾಜೂಕಿನದಲ್ಲ, ಸಣ್ಣದು ದಪ್ಪದು ಎಲ್ಲ ಸೇರಿಸಿ ಎಳ್ಕೊಂಡು ಬರುತ್ತೆ, ಅಲ್ಲದೆ ನೀರೊಳಗೆ ಕಾಳು ಕಾಳು ಬಡಿದ್ರೂ ಪೆಟ್ಟು ಮೆತ್ತಗಾಗುತ್ತೆ, ಹಾಗಾಗಿ ಮೂಲೆ ಅಷ್ಟು ಬೇಗ ಸವೆಯಲ್ಲ. ಮೂಲೆ ಇರೋ ಕಾಳುಗಳು ಒಂದರಲ್ಲೊಂದು ಕಚ್ಕೊಳ್ಳುತ್ತವೆ, ಗಾತ್ರ ಬೇರೆ ಬೇರೆ ಇದ್ರೆ ಸಣ್ಣದು ದೊಡ್ಡದರ ಸಂದಿಗೆ ಕೂರುತ್ತೆ, ಕಾಂಕ್ರೀಟಿಗೆ ಬೇಕಾಗಿರೋದೂ ಇದೇ. ಮರಳುಗಾಡಿನ ಮರಳು ದುಂಡಗೆ ನುಣ್ಣಗೆ ಇರೋದ್ರಿಂದ ಸಿಮೆಂಟ್ ಜೊತೆ ಹಿಡಿಯಲ್ಲ, ಸುತ್ತ ಎಲ್ಲಿ ನೋಡಿದ್ರೂ ಮರಳೇ ಇರೋ ಗಲ್ಫ್ ದೇಶಗಳು ಕೂಡ ಕಟ್ಟಡಕ್ಕೆ ಹೊರಗಿಂದ ಮರಳು ತರಿಸ್ತಾವೆ, ಇಲ್ಲಾಂದ್ರೆ ಕಲ್ಲು ಪುಡಿ ಮಾಡಿಸ್ತಾವೆ. ಮೇಸ್ತ್ರಿಗೆ ಇದು ಬಹಳ ಖುಷಿ ಕೊಡ್ತು. "ಅಷ್ಟೊಂದು ಮರಳಿಟ್ಕಂಡು ಎಂ-ಸ್ಯಾಂಡ್ ಹಾಕ್ತಾರಾ!" ಅಂತ ಮಧ್ಯಾಹ್ನದ ಚಾ ಕುಡಿಯೋವರೆಗೂ ನಗ್ತಿದ್ದ.

ಇನ್ನು ತೇವದ ವಿಷಯ, ಇದು ನಮ್ಮ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಾಳು-ಕಾಳಿನ ನಡುವೆ ಸ್ವಲ್ಪವೇ ನೀರು ಸೇರಿದ್ರೂ ಅದು ಎರಡನ್ನೂ ಹಿಡಿದು ಅಂಟಿಸುತ್ತೆ, ಮಕ್ಕಳು ಬೀಚಲ್ಲಿ ಗೋಪುರ ಕಟ್ಟೋದು ಈ ಅಂಟಿನ ಬಲದಿಂದಾನೇ. ಅಂಟಿದ ಕಾಳು ಬಿಡಿಬಿಡಿಯಾಗಿ ಹತ್ತಿ ಬೀಳಲ್ಲ, ಉಂಡೆ ಉಂಡೆಯಾಗಿ ಕುಸಿಯುತ್ತೆ, ತಾಳ ಹೋಯ್ತು, ಶಬ್ದ ಹೋಯ್ತು. ಮಸ್ಕತ್ತಲ್ಲಿ ಇಡೀ ವರ್ಷಕ್ಕೆ ಬೀಳೋ ಮಳೆ ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತೆ, ಜುಲೈಲಿ ಒಂದೇ ದಿನಕ್ಕೆ ಅವರ ವರ್ಷದ ಮಳೆ ನಮಗೆ ಬಂದುಹೋಗಿರುತ್ತೆ, ಆಗ ಉಪ್ಪಿನ ಡಬ್ಬನೇ ನೀರು ಬಿಟ್ಕೊಂಡು ಕೂತಿರುತ್ತೆ, ಅಂಥಲ್ಲಿ ಮರಳು ಬಾಯಿ ಬಿಡುತ್ತಾ. ಬಾಬರ್ ಬೇಸಿಗೆ ಅಂತ ಬರೆದಿದ್ದಕ್ಕೂ ಇದೇ ಕಾರಣ. ಮರಳುಗಾಡಲ್ಲೂ ಸಮುದ್ರದ ಹತ್ರ ಇದ್ರೆ ಬೆಳಗ್ಗೆ ಮಂಜು ಇಬ್ಬನಿ ಇರುತ್ತೆ, ಮೇಲ್ಪದರ ಬಿಸಿಲಿಗೆ ಒಣಗೋವರೆಗೆ ಎಷ್ಟು ಜಾರಿದ್ರೂ ಬರೀ ಸರಸರ.

ಬೀಚಿಗೆ ಹೋದವರು ಕೆಲವರು, ಅಲ್ಲಾ ನಾನು ಸಮುದ್ರ ದಡದಲ್ಲೂ ಮರಳು ಕಿರುಗುಟ್ಟೋದು ಕೇಳಿದೀನಿ ಅಂತಾರೆ. ಅದು ಬೇರೆ ಜಾತಿ. ಆಸ್ಟ್ರೇಲಿಯಾದಂಥ ಕಡೆ ಕೆಲವು ಬೀಚಲ್ಲಿ ಕಾಲಿಟ್ರೆ ಕೀಚ್ ಅನ್ನೋ ಮರಳಿದೆ, ಅದು 500ರಿಂದ 2,500 ಹರ್ಟ್ಜ್‌ವರೆಗಿನ ಚೂಪು ಶಬ್ದ, ಕಾಲು ಒತ್ತಿದ ಕ್ಷಣಕ್ಕೆ ಮಾತ್ರ, ಜಾರೋದು ಗೀರೋದು ಬೇಡ, ತಾನಾಗೇ ಮುಂದುವರಿಯೋದೂ ಇಲ್ಲ. ದಿಬ್ಬದ್ದು ಹಾಗಲ್ಲ, ಒಂದ್ಸಲ ಶುರುವಾದ್ರೆ ಮರಳು ಜಾರ್ತಾ ಇರೋವರೆಗೂ ಇರುತ್ತೆ, ದೊಡ್ಡ ಕುಸಿತ ಆದ್ರೆ ನಿಮಿಷಗಟ್ಟಲೆ. ಚಿಕ್ಕಪ್ಪ ನಿಂತ ಮೇಲೂ ಶಬ್ದ ಮುಂದುವರಿದಿತ್ತು ಅಂದ್ನಲ್ಲ, ಅವರು ನಿಂತ್ರೂ ಅವರು ಎಬ್ಬಿಸಿದ ಮರಳಿನ ಹಾಸು ಕೆಳಗೆ ಇನ್ನೂ ಹರೀತಾ ಇತ್ತು. ನನ್ನ ಪ್ರಕಾರ ಅವರ ನಿರ್ದೋಷಿತ್ವಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ, ಆದ್ರೆ ಚಿಕ್ಕಮ್ಮನ ಕೋರ್ಟಲ್ಲಿ ಇನ್ನೂ ಒಪ್ಪಿಗೆ ಆಗಿಲ್ಲ.

ನೀವೂ ಯಾವತ್ತಾದ್ರೂ ಅಂಥ ಕಡೆ ಹೋದ್ರೆ ಕೆಲವು ವಿಷಯ ನೋಡ್ಕೊಳ್ಳಿ. ಸಣ್ಣ ದಿಬ್ಬ ಸಾಕಾಗಲ್ಲ, ಎತ್ತರದ್ದೇ ಬೇಕು, ಗಾಳಿ ಮರೆಯ ಕಡಿದಾದ ಮುಖದ ತುದಿಯಿಂದ ಶುರು ಮಾಡಿ, ಮಧ್ಯಾಹ್ನ ದಾಟಿದ ಮೇಲೆ, ಮರಳು ಮುಟ್ಟಿದ್ರೆ ಪುಡಿಪುಡಿಯಾಗಿ ಜಾರ್ತಿರಬೇಕು. ನಡ್ಕೊಂಡು ಇಳಿದ್ರೆ ಗುಟುರು ಹಾಕುತ್ತೆ ಅಷ್ಟೇ, ಕೂತು ಅಗಲವಾಗಿ ತಳ್ಳಬೇಕು, ಮೂರ್ನಾಲ್ಕು ಜನ ಒಂದೇ ಸಾಲಲ್ಲಿ ಜಾರಿದ್ರೆ ಇನ್ನೂ ಒಳ್ಳೇದು. ಜೇಬಿಗೆ ಜಿಪ್ ಇರಲಿ, ನಮ್ಮ ಭಾವನ ಗಾಡಿ ಕೀ ಹುಡುಕೋಕೆ ಶಬ್ದ ಕೇಳೋದಕ್ಕಿಂತ ಜಾಸ್ತಿ ಹೊತ್ತು ಹೋಯ್ತು. ವಿಡಿಯೋ ಮಾಡಿ, ಆದ್ರೆ ಅದನ್ನ ಮೊಬೈಲ್ ಸ್ಪೀಕರಲ್ಲಿ ಹಾಕಿ ನೆಂಟರಿಗೆ ತೋರಿಸಬೇಡಿ, ಆ ಸಣ್ಣ ಸ್ಪೀಕರಿಂದ 90-100 ಹರ್ಟ್ಜಿನ ದಪ್ಪ ಶಬ್ದ ಸರಿಯಾಗಿ ಬರೋದೇ ಇಲ್ಲ, ಮೇಲಿನ ಪರಪರ ಅಷ್ಟೇ ಉಳಿಯುತ್ತೆ, ಅದನ್ನ ಕೇಳಿದವರು ಚಿಕ್ಕಮ್ಮನ ಪಕ್ಷಾನೇ ಸೇರೋದು. ನಮ್ಮ ವಿಡಿಯೋ ಯಾರಿಗಾದ್ರೂ ಫಾರ್ವರ್ಡ್ ಆಗಿ ಬಂದಿದ್ರೆ ದಯವಿಟ್ಟು ಒಳ್ಳೆ ಇಯರ್‌ಫೋನ್ ಹಾಕ್ಕೊಂಡು ಕೇಳಿ.